ನಮ್ಮತ್ತೆಯ ನಾಲ್ಕು ಲ್ಯಾಟಿನ್ ಹಾಡುಗಳು

ನಮ್ಮತ್ತೆಗೆ ಲ್ಯಾಟಿನ್ ಬರುತ್ತದೆ! ಈ ಮಾತನ್ನು ನಾನು ಹೇಳಿದಾಗಲೆಲ್ಲ ಜನ ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ ಮಾತು ಬದಲಿಸುತ್ತಾರೆ. ಅವರದೇನೂ ತಪ್ಪಿಲ್ಲ. ಅತ್ತೆ ಅಂದರೆ ನನ್ನ ಅಪ್ಪನ ಅಕ್ಕ. ಕುಷ್ಟಗಿ ತಾಲೂಕಿನ ಒಂದು ಹಳ್ಳಿಯಲ್ಲಿ ಹುಟ್ಟಿ, ಕುರಿ ಕಾಯ್ದು, ಶಾಲೆಯ ಮೆಟ್ಟಿಲನ್ನು ಒಮ್ಮೆಯೂ ಹತ್ತದೆ ಬೆಳೆದ ಹೆಂಗಸು. ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತುತ್ತಾಳೆ. ಈಗ ಎಲ್ಲರೂ ಒತ್ತುತ್ತಾರಲ್ಲ ಎನ್ನಬೇಡಿ. ಆ ಯಂತ್ರ ಬರುವುದಕ್ಕೆ ಎಷ್ಟೋ ವರ್ಷ ಮೊದಲಿನಿಂದಲೂ ನಮ್ಮತ್ತೆ ಒತ್ತುತ್ತಲೇ ಬಂದಿದ್ದಾಳೆ. ಕನ್ನಡದಲ್ಲಿ ತನ್ನ ಹೆಸರು ಬರೆಯಲಾರಳು. ಆದರೆ ನಾಲ್ಕು ಲ್ಯಾಟಿನ್ ಹಾಡುಗಳನ್ನು ಒಂದಕ್ಷರ ತಪ್ಪದೆ, ರಾಗ ಜಾರದೆ ಹಾಡುತ್ತಾಳೆ. ಅರ್ಥ ಮಾತ್ರ ಕೇಳಬೇಡಿ. ನಾನು ಒಮ್ಮೆ ಕೇಳಿದ್ದೆ.

"ಅವ್ವನ ಹಾಡ ಅವು. ಅವ್ವಗ ಹಾಡೂ ಮುಂದ ಅರ್ಥ ಯಾಕ ಬೇಕ?" ಅಂದಳು.

ನಾನು ಹನುಮಸಾಗರದಲ್ಲಿ ಶಿಕ್ಷಕಿ. ಅರ್ಥ ಹೇಳಿಕೊಡುವುದಕ್ಕೇ ಸಂಬಳ ತೆಗೆದುಕೊಳ್ಳುವವಳು.

ತಾವರಗೇರಾ ರಸ್ತೆಯಲ್ಲಿ ನಮ್ಮೂರು ದಾಟಿ ಸ್ವಲ್ಪ ಮುಂದೆ ಹೋದರೆ ಕ್ರೈಸ್ತ ಸನ್ಯಾಸಿನಿಯರ ಒಂದು ಸಣ್ಣ ಮನೆಯಿದೆ. ಮುಂದೆ ದವಾಖಾನೆ, ನಡುವೆ ಪ್ರಾರ್ಥನೆಯ ಕೋಣೆ, ಹಿಂದೆ ಅಡಿಗೆಮನೆ. ಊರವರ ಬಾಯಲ್ಲಿ ಅದು 'ಸಿಸ್ಟರ್ ಮಠ'. ಮಾವ ತೀರಿಕೊಂಡ ಮೇಲೆ ಅತ್ತೆ ಅಲ್ಲಿ ಅಡಿಗೆ ಕೆಲಸಕ್ಕೆ ಸೇರಿಕೊಂಡಳು. ಆಗ ನಾಲ್ಕು ಜನ ಸಿಸ್ಟರ್‌ಗಳಿದ್ದರು. ಊಟವಾದ ಮೇಲೆ, ಮಲಗುವ ಮುಂಚೆ, ಎಂಟು ಗಂಟೆಗೆ ಅವರದೊಂದು ರಾತ್ರಿ ಪ್ರಾರ್ಥನೆ. ಈ ಬೆಂಚಿನ ಮೇಲೆ ಇಬ್ಬರು, ಎದುರು ಬೆಂಚಿನ ಮೇಲೆ ಇಬ್ಬರು. ಈ ಕಡೆಯವರು ಒಂದು ಸಾಲು ಹಾಡಿದರೆ ಆ ಕಡೆಯವರು ಮುಂದಿನ ಸಾಲು ಹಾಡಬೇಕು. ಕೀರ್ತನೆಗಳೆಲ್ಲ ಕನ್ನಡದಲ್ಲಿ. ದೀಪ ಆರಿಸುವ ಮುಂಚಿನ ಕೊನೆಯ ಹಾಡು ಮಾತ್ರ ಲ್ಯಾಟಿನ್, ಅದು ಯೇಸುವಿನ ತಾಯಿಗೆ. ಅತ್ತೆ ಪಕ್ಕದ ಅಡಿಗೆಮನೆಯಲ್ಲಿ ಪಾತ್ರೆ ತಿಕ್ಕುತ್ತ ಇದನ್ನೆಲ್ಲ ಕೇಳಿದಳು. ವರ್ಷವಿಡೀ ದಿನಾ ರಾತ್ರಿ ಕೇಳಿದರೆ ಗೋಡೆಗೂ ಬಾಯಿಪಾಠವಾಗುತ್ತದೆ, ಅತ್ತೆಗೆ ಆಗದೆ ಇರುತ್ತದೆಯೇ?

ನಾಲ್ಕು ಜನರಲ್ಲಿ ಒಬ್ಬರಿಗೆ ಬೇರೆ ಊರಿಗೆ ವರ್ಗವಾಯಿತು. ಒಬ್ಬರು ತೀರಿಕೊಂಡರು. ಮೂರನೆಯವರು ಕಾಯಿಲೆಯೆಂದು ಅವರ ದೊಡ್ಡ ಮಠಕ್ಕೆ ಹೋದವರು ತಿರುಗಿ ಬರಲಿಲ್ಲ. ಉಳಿದವರು ಒಬ್ಬರೇ. ಈ ಸಿಸ್ಟರ್ ಕೇರಳದವರು. ಕನ್ನಡ ಕಲಿತದ್ದು ಪೂರ್ತಿಯಾಗಿ ನಮ್ಮತ್ತೆಯ ಬಾಯಿಂದ. ಹೀಗಾಗಿ ಅವರ ಕನ್ನಡದಲ್ಲಿ ಪ್ರೀತಿ, ಬೈಗುಳ ಎಂಬ ಬೇರೆಬೇರೆ ಖಾತೆಗಳಿಲ್ಲ. ದವಾಖಾನೆಗೆ ಬಂದ ಮಗುವಿಗೆ "ಬಾಯಿ ತಗಿ, ಖೋಡಿ" ಅನ್ನುತ್ತಿದ್ದರು. ಮಗು ತಾಯಿಯ ಮಾತಿಗಿಂತ ಬೇಗ ಬಾಯಿ ತೆಗೆಯುತ್ತಿತ್ತು.

ಅವರು ಒಬ್ಬರೇ ಆದ ಮೊದಲ ರಾತ್ರಿಯ ಕಥೆಯನ್ನು ಅತ್ತೆ ನನಗೆ ಎಷ್ಟು ಸಲ ಹೇಳಿದ್ದಾಳೋ! "ಈ ಕಡಿ ಸಾಲ ಹಾಡಿ ಸುಮ್ನ ಕುಂತ್ಲವಾ. ಆ ಕಡಿಯಿಂದ ಅನ್ನವರ ಯಾರದಾರ? ಎರಡೂ ಬೆಂಚ ಆಕೀನ ಹಾಡಬೇಕು. ಒಂದ ಕೈಲೆ ರೊಟ್ಟಿ ಬಡದಂಗ ಆತು. ನನಗ ತಡಕೊಳ್ಳಾಕ ಆಗಲಿಲ್ಲ. ಹೋಗಿ ಎದುರ ಕುಂತ್ನಿ." ಕೈಯಲ್ಲಿ ಇನ್ನೂ ಪಾತ್ರೆಯ ಬೂದಿ ಇತ್ತಂತೆ. ಸಿಸ್ಟರ್ ಒಂದು ಕ್ಷಣ ನೋಡಿದರಂತೆ, ಮುಂದಿನ ಸಾಲು ಹಾಡಿದರಂತೆ, ಎದುರಿನಿಂದ ಅತ್ತೆ ಉತ್ತರ ಕೊಟ್ಟಳಂತೆ. ಅಂದಿನಿಂದ ಆ ಬೆಂಚು ನಮ್ಮತ್ತೆಯದು. ಧರ್ಮ ಬದಲಿಸಿದಳೇ ಎಂದು ನಮ್ಮೂರಿನವರು ಪಿಸುಗುಟ್ಟಿದ್ದುಂಟು. ಅತ್ತೆ ಹುಣ್ಣಿಮೆಗೆ ಹುಲಿಗೆಮ್ಮನಿಗೆ ಹೋಗುವುದನ್ನು ಬಿಡಲಿಲ್ಲ. ಹಣೆಗೆ ಭಂಡಾರ ಹಚ್ಚಿಕೊಂಡೇ ಸಂಜೆ ಬಸ್ಸಿಗೆ ವಾಪಸ್ಸು ಬಂದು, ಎಂಟಕ್ಕೆ ಸರಿಯಾಗಿ ಬೆಂಚಿನ ಮೇಲೆ ಕೂರುತ್ತಿದ್ದಳು. ಪಿಸುಗುಟ್ಟುವವರು ಬೇಸತ್ತು ಬಿಟ್ಟುಬಿಟ್ಟರು.

ಇಷ್ಟೇ ಆಗಿದ್ದರೆ ನಾನು ಅತ್ತೆಯನ್ನು ವಿಚಿತ್ರ ಎನ್ನುತ್ತಿರಲಿಲ್ಲ. ಈಗ ಅಸಲು ಸಂಗತಿಗೆ ಬರುತ್ತೇನೆ.

ಆ ಲ್ಯಾಟಿನ್ ಹಾಡು ಒಂದಲ್ಲ, ನಾಲ್ಕು. ವರ್ಷದ ಒಂದೊಂದು ಕಾಲಕ್ಕೆ ಒಂದೊಂದು. ಕ್ರಿಸ್ಮಸ್ಸಿಗೆ ನಾಲ್ಕು ವಾರ ಇರುವಾಗ ಮೊದಲನೆಯದು ಶುರು. ಫೆಬ್ರುವರಿ ಎರಡಕ್ಕೆ ಎರಡನೆಯದು. ಈಸ್ಟರ್ ಹಬ್ಬಕ್ಕೆ ಮೂರನೆಯದು, ಅದು ಐವತ್ತು ದಿನ. ಆಮೇಲೆ ನಾಲ್ಕನೆಯದು, ತಿರುಗಿ ಡಿಸೆಂಬರ್ ಹತ್ತಿರ ಬರುವ ತನಕ. ಸಿಸ್ಟರ್‌ಗಳು ಇದನ್ನು ಪಂಚಾಂಗದಂಥ ಒಂದು ಪುಸ್ತಕ ನೋಡಿ ತಿಳಿಯುತ್ತಾರೆ. ಅತ್ತೆ ಹೊಲ ನೋಡಿ ತಿಳಿಯುತ್ತಾಳೆ. ಮೊದಲನೆಯದಕ್ಕೆ 'ಕಡ್ಲಿ ಹಾಡು' ಎಂದು ಹೆಸರಿಟ್ಟಿದ್ದಾಳೆ, ಆಗ ಕಡಲೆ ಹೂವಾಗಿರುತ್ತದೆ. ಎರಡನೆಯದು 'ಜ್ವಾಳದ ಹಾಡು', ಬಿಳಿಜೋಳ ಕೊಯ್ಲಿಗೆ ಬರುವ ಹೊತ್ತು. ಈಸ್ಟರಿನದು 'ಬೇವಿನ ಹಾಡು', ಆಗ ಬೇವು ಹೂ ಬಿಡುತ್ತದೆ. ಕೊನೆಯದು, ಮುಂಗಾರಿನಿಂದ ಹಿಡಿದು ಹಿಂಗಾರಿನ ತನಕ ನಡೆಯುವುದು, 'ಬಿತ್ತಿಗಿ ಹಾಡು'. ರೋಮಿನಲ್ಲಿ ಕೂತ ಹಿರಿಯರಿಗೆ ತಮ್ಮ ಹಾಡುಗಳಿಗೆ ಈ ಹೆಸರುಗಳಿರುವುದು ಗೊತ್ತಿಲ್ಲ. ಗೊತ್ತಾದರೆ ಒಪ್ಪಿಕೊಳ್ಳುತ್ತಾರೆ ಎಂದು ನನ್ನ ನಂಬಿಕೆ!

ಹಾಡಿಗೆ ಕಾಲವಿದೆ ಎಂಬುದನ್ನು ಸಿಸ್ಟರ್‌ಗಳು ಒಂದು ಪದ್ಧತಿ ಎಂದು ಪಾಲಿಸಿದರೆ, ಅತ್ತೆ ಅದನ್ನು ಹಟವನ್ನಾಗಿ ಮಾಡಿಕೊಂಡಳು. ಕಾಲ ತಪ್ಪಿದ ಹಾಡು ಅವಳ ಕಿವಿಗೆ ಬೀಳಬಾರದು. ಒಮ್ಮೆ ನಾನು ಮೊಬೈಲಿನಲ್ಲಿ ಆ ಬೇವಿನ ಹಾಡನ್ನು ಹುಡುಕಿ, ಮೆಚ್ಚಿಸೋಣ ಎಂದು ಜೂನ್ ತಿಂಗಳಲ್ಲಿ ಹಾಕಿದೆ. ಮೊಬೈಲು ಕಸಿದುಕೊಂಡು ಹಿಟ್ಟಿನ ಡಬ್ಬಿಯೊಳಗೆ ಹಾಕಿ ಮುಚ್ಚಿದಳು. "ಮಿರಗದ ಮಳ್ಯಾಗ ಯಾರರ ಕಡ್ಲಿ ಬಿತ್ತತಾರೇನು? ಕಲ್ತಾಕಿ ಅಂತ, ಕಲ್ತಾಕಿ!" ಆಮೇಲೆ ಒಂದು ವಾರ ನನ್ನ ಮೊಬೈಲು ಮಾತಾಡಿದರೆ ಹಿಟ್ಟು ಉದುರುತ್ತಿತ್ತು.

ಇನ್ನೊಮ್ಮೆ ಬನದ ಹುಣ್ಣಿಮೆಗೆ ಹುಲಿಗಿಗೆ ಹೊರಟ ಬಸ್ಸಿನಲ್ಲಿ ಹೆಂಗಸರೆಲ್ಲ ಅಮ್ಮನ ಪದ ಹಾಡುತ್ತಿದ್ದರು. ಸರದಿ ಅತ್ತೆಗೆ ಬಂತು. ನಾನು ಕಿಟಕಿಯ ಕಡೆ ಮುಖ ತಿರುಗಿಸಿದೆ, ಏನಾಗಲಿದೆ ಎಂದು ನನಗೆ ಗೊತ್ತಿತ್ತು! ಕಣ್ಣು ಮುಚ್ಚಿ ಕಡ್ಲಿ ಹಾಡು ಎತ್ತಿದಳು. ಮುಗಿದಾಗ ಒಬ್ಬ ಮುದುಕಿ ಕೈಮುಗಿದು ಕೇಳಿದಳು: "ಯಾವ ಊರ ಅವ್ವನ ಹಾಡವಾ ಇದು? ಮೈ ಜುಮ್ ಅಂತು. ಇನ್ನೊಂದ ಹಾಡವಾ."

ಅತ್ತೆ ಕಣ್ಣು ತೆರೆದು ಸಮಾಧಾನವಾಗಿ ಹೇಳಿದಳು: "ಇನ್ನೊಂದು ಫೆಬ್ರವರಿ ಎರಡಕ್ಕ ಐತ್ರಿ. ಆವಾಗ ಬರ್ರಿ."

ಪಾದ್ರಿಗಳನ್ನೂ ಬಿಟ್ಟವಳಲ್ಲ. ಒಂದು ಜನವರಿಯಲ್ಲಿ ಹೊಸದಾಗಿ ಪಟ್ಟ ಕಟ್ಟಿಸಿಕೊಂಡ ಎಳೆಯ ಫಾದರ್ ಒಬ್ಬರು ಬಂದಿದ್ದರು. ರಾತ್ರಿ ಪ್ರಾರ್ಥನೆಯ ಕೊನೆಗೆ ತಮಗೆ ಚೆನ್ನಾಗಿ ಬರುತ್ತಿದ್ದ ಹಾಡನ್ನು ಎತ್ತಿದರು. ಅದು ಬಿತ್ತಿಗಿ ಹಾಡು! ಅತ್ತೆ ಬೆಂಚಿನಿಂದ ಎದ್ದು ನಿಂತಳು. "ಫಾದರ್ರ, ತಡೀರಿ. ಅದು ಬಿತ್ತಿಗಿ ಹಾಡ್ರಿ. ಹೊಲದಾಗ ಇನ್ನೂ ಕಡ್ಲಿ ಐತಿ." ಫಾದರ್ ಸಿಸ್ಟರ್ ಮುಖ ನೋಡಿದರು. ಸಿಸ್ಟರ್ ಪುಸ್ತಕದ ಹಾಳೆ ತಿರುವಿ ಅವರ ಮುಂದೆ ಹಿಡಿದರು. ಏಳು ವರ್ಷ ಓದಿ ಬಂದ ಫಾದರ್ ಮೊದಲಿನಿಂದ ಸರಿಯಾದ ಹಾಡು ಹಾಡಿದರು. ಮರುದಿನ ಹೊರಡುವಾಗ ಅತ್ತೆಗೆ ಕೈಮುಗಿದು ಹೋದರಂತೆ. "ಭಾಳ ಛಲೋ ಹುಡುಗ. ಕಲೀತಾನ," ಎಂದು ಅತ್ತೆ ಸರ್ಟಿಫಿಕೇಟ್ ಕೊಟ್ಟಳು.

ಈಸ್ಟರಿನ ಮುಂಚಿನ ಮೂರು ದಿನ ಯಾವ ಹಾಡೂ ಇಲ್ಲ. ಯೇಸು ಸತ್ತ ದಿನಗಳು. ಅತ್ತೆ ಆ ಮೂರು ದಿನ ಹಾಡುವುದಿರಲಿ, ಮಾತೂ ಆಡುವುದಿಲ್ಲ. ಬೇಕಾದ್ದನ್ನು ಕೈಸನ್ನೆಯಲ್ಲೇ ಕೇಳುತ್ತಾಳೆ. ಇಂಥ ದಿನಗಳು ವರ್ಷಕ್ಕೆ ಮೂರೇ ಯಾಕೆ ಎಂಬುದು ಅತ್ತೆಯ ಬೈಗುಳ ಹೆಚ್ಚು ತಿನ್ನುವ ನನ್ನ ಅಣ್ಣನ ಬಹಳ ದಿನದ ಕೊರಗು.

ನಗುತ್ತಾ ಹೇಳುತ್ತಿದ್ದೇನೆ, ನಿಜ. ಆದರೆ ಒಂದು ವಿಷಯದಲ್ಲಿ ನನಗೆ ಅತ್ತೆಯ ಮೇಲೆ ಸಿಟ್ಟಿತ್ತು. ಮದುವೆಯಾಗಿ ಎಂಟು ವರ್ಷಕ್ಕೆ ನನಗೆ ಮಗ ಹುಟ್ಟಿದ. ತೊಟ್ಟಿಲಿಗೆ ಹಾಕುವ ದಿನ ಅತ್ತೆ ಆ ಬೇವಿನ ಹಾಡು ಹಾಡಲಿ ಎಂದು ನನಗೆ ಆಸೆ. ನಾಲ್ಕರಲ್ಲಿ ಅದೇ ಸಂತೋಷದ ಹಾಡು, ಸಾಲುಸಾಲಿಗೂ ಜಯಕಾರ. ಚಿಕ್ಕವಳಿದ್ದಾಗ ಅದನ್ನು ಕೇಳುತ್ತಲೇ ಅತ್ತೆಯ ತೊಡೆಯ ಮೇಲೆ ಮಲಗಿದವಳು ನಾನು. ಕೇಳಿದೆ, ಬೇಡಿದೆ. ಅದು ಅಕ್ಟೋಬರ್ ತಿಂಗಳು.

"ಹಂಗಾರ ಏಪ್ರಿಲ್‌ದಾಗ ಹಡೀಬೇಕಿತ್ತು," ಅಂದಳು.

ಬಂದವರೆಲ್ಲ ನಕ್ಕರು. ನಾನೂ ನಕ್ಕೆ. ಆದರೆ ಒಳಗೆ ಚುಚ್ಚಿತು. ನನಗಾಗಿ, ನನ್ನ ಮಗುವಿಗಾಗಿ ಒಂದು ಸಲ ಕಾಲ ತಪ್ಪಿದರೆ ಆಕಾಶ ಕಳಚಿ ಬೀಳುತ್ತಿತ್ತೇ? ಆಮೇಲೆ ಬಹಳ ದಿನ ನಾನು ಆ ಕಡೆ ಹೋಗಲಿಲ್ಲ.

ಹೋಗಬೇಕಾಗಿ ಬಂದದ್ದು ಹೋದ ಶ್ರಾವಣದಲ್ಲಿ. ಅತ್ತೆ ಪಕ್ಕದ ಮನೆಯವರ ಫೋನಿನಿಂದ ಕರೆದಳು. "ಐತವಾರ ಬಾ. ಸಿಸ್ಟರವ್ವಗ ಪರೀಕ್ಷೆ ಐತಿ."

ಸಿಸ್ಟರ್‌ಗೆ ಎಂಬತ್ತು ದಾಟಿತ್ತು. ಮರೆವು ಶುರುವಾಗಿತ್ತು. ದವಾಖಾನೆ ಮುಚ್ಚಿ ಎರಡು ವರ್ಷವಾದರೂ ಬೆಳಿಗ್ಗೆ ಎದ್ದು ಅದರ ಕೀಲಿ ಹುಡುಕುತ್ತಿದ್ದರು. ತೀರಿಕೊಂಡ ಸಿಸ್ಟರ್‌ಗೂ ತಾಟು ಇಡು ಎನ್ನುತ್ತಿದ್ದರು. ರಾತ್ರಿ ಯಾವ ಹಾಡು ಎಂಬುದೂ ಒಮ್ಮೊಮ್ಮೆ ತಪ್ಪುತ್ತಿತ್ತು. ಅದಕ್ಕೆ ಅತ್ತೆ ಒಂದು ಉಪಾಯ ಮಾಡಿಕೊಂಡಿದ್ದಳು. ಮಧ್ಯಾಹ್ನದಿಂದಲೇ ರೊಟ್ಟಿ ಬಡಿಯುತ್ತ, ಕಾಳು ಹಸನು ಮಾಡುತ್ತ, ಕಾಲಕ್ಕೆ ಸರಿಯಾದ ಹಾಡನ್ನೇ ಗುನುಗುತ್ತಿದ್ದಳು. ಎಂಟು ಗಂಟೆಯ ಹೊತ್ತಿಗೆ ಅದು ಸಿಸ್ಟರ್ ಕಿವಿಯಲ್ಲಿ ಕೂತಿರುತ್ತಿತ್ತು. ಹೀಗೆ ಒಂದು ವರ್ಷ ನಡೆದಿತ್ತು. ಈಗ ದೊಡ್ಡ ಮಠದಿಂದ ಇಬ್ಬರು ನೋಡಲು ಬರುವವರಿದ್ದರು. ಸಿಸ್ಟರ್ ಇಲ್ಲಿ ಇರಲು ಆಗುವುದಿಲ್ಲ ಎಂದು ಅನ್ನಿಸಿದರೆ ವಯಸ್ಸಾದ ಸಿಸ್ಟರ್‌ಗಳ ಮನೆಗೆ ಕರೆದುಕೊಂಡು ಹೋಗುವುದು, ಇಲ್ಲಿಗೆ ಬೀಗ ಹಾಕುವುದು. ಆ ಮನೆ ಇಲ್ಲಿಂದ ಒಂದು ಹಗಲು ಒಂದು ರಾತ್ರಿಯ ದಾರಿ.

"ನಾ ಹೋಗಂಗಿಲ್ಲ," ಎಂದು ಸಿಸ್ಟರ್ ಚಿಕ್ಕ ಹುಡುಗಿಯ ಹಾಗೆ ಅತ್ತೆಯ ಸೆರಗು ಹಿಡಿದುಕೊಂಡಿದ್ದರು. ಅದನ್ನು ನೋಡಿ ತೊಟ್ಟಿಲ ದಿನದಿಂದ ಹೊತ್ತಿದ್ದ ನನ್ನ ಸಿಟ್ಟು ಅರ್ಧ ಇಳಿಯಿತು.

ಶಿಕ್ಷಕಿಯಾದ ತಪ್ಪಿಗೆ ತಾಲೀಮು ನನ್ನ ಪಾಲಿಗೆ ಬಂತು. "ಇದು ಯಾವ ತಿಂಗಳರಿ, ಸಿಸ್ಟರ್?"

"ಶ್ರಾವಣ."

"ಹಂಗಲ್ಲರಿ. ಇಂಗ್ಲಿಷ್ ತಿಂಗಳು."

"ನಾ ಇಂಗ್ಲಿಷ್ ಮಾತಾಡಿ ಭಾಳ ವರ್ಷ ಆತು, ತಂಗಿ."

"ಇವತ್ತ ಯಾವ ವಾರ?"

ಸಿಸ್ಟರ್ ಅತ್ತೆಯ ಕಡೆ ನೋಡಿದರು. ಅತ್ತೆ ನನ್ನ ಬೆನ್ನ ಹಿಂದೆ ನಿಂತು ಐತವಾರದ ಸಂತೆಯ ಚೀಲ ಎತ್ತಿ ತೋರಿಸುತ್ತಿದ್ದಳು. ಇಪ್ಪತ್ತು ವರ್ಷ ಪರೀಕ್ಷಾ ಕೋಣೆಯಲ್ಲಿ ಕಾಪಿ ಹಿಡಿದವಳು ನಾನು. ಅವತ್ತು ಹಿಂತಿರುಗಿ ನೋಡಲಿಲ್ಲ.

ಮರುದಿನ ಬಂದರು. ಒಬ್ಬರು ದೊಡ್ಡ ಸಿಸ್ಟರ್, ಕನ್ನಡಕದವರು, ಮಾತು ಕಡಿಮೆ. ಇನ್ನೊಬ್ಬರು ಎಳೆಯವರು. ನಾನೂ ರಜೆ ಹಾಕಿ ಉಳಿದಿದ್ದೆ. "ಬಾ ಖೋಡಿ, ಕುಂದ್ರು, ಬಿಸಲಾಗ ಬಂದಿ," ಎಂದು ನಮ್ಮ ಸಿಸ್ಟರ್ ಆ ದೊಡ್ಡ ಸಿಸ್ಟರ್ ಕೈ ಹಿಡಿದು ಕೂರಿಸಿದರು. ಪುಣ್ಯಕ್ಕೆ ಆಕೆ ನಮ್ಮ ಸೀಮೆಯವರಲ್ಲ, ಖೋಡಿ ಅಂದರೆ ಮಗಳು ಎಂದು ತಿಳಿದು ಸಂತೋಷಪಟ್ಟರು. ತಿಂಗಳು ಕೇಳಿದರು, ಶ್ರಾವಣ ಎಂದಿತು ನಮ್ಮ ಪಕ್ಷ. ಆಕೆ ನಕ್ಕರು. ಮಧ್ಯಾಹ್ನ ಒಬ್ಬ ತಾಯಿ, ದವಾಖಾನೆ ಮುಚ್ಚಿದ್ದರೂ ಹಳೆಯ ರೂಢಿಯಿಂದ, ಅಳುವ ಕೂಸನ್ನು ತಂದಳು. ಸಿಸ್ಟರ್ ಅದರ ಹೊಟ್ಟೆ ಮುಟ್ಟಿ, ಕಿವಿಯ ಹಿಂದೆ ಮೂಸಿ, ಕಿವಿ ಸೋರುತ್ತಿದೆ, ಕುಷ್ಟಗಿ ಆಸ್ಪತ್ರೆಗೆ ಇವತ್ತೇ ಹೋಗು ಎಂದರು. ಸಂಜೆಯ ಹೊತ್ತಿಗೆ ನಾವು ಗೆದ್ದೆವು ಎಂದೇ ನಾನು ಲೆಕ್ಕ ಹಾಕಿದ್ದೆ. ಅತ್ತೆ ಬೆಳಗಿನಿಂದ ಬಿತ್ತಿಗಿ ಹಾಡನ್ನು ಎಷ್ಟು ಗುನುಗಿದ್ದಳೆಂದರೆ ನನಗೇ ಬಾಯಿಗೆ ಬಂದಿತ್ತು.

ಎಂಟು ಗಂಟೆ. ಸಿಸ್ಟರ್‌ಗಳೇ ಮೂವರು ಇದ್ದುದರಿಂದ ಅತ್ತೆ ಅಡಿಗೆಮನೆಯಲ್ಲೇ ಉಳಿದಳು. ನಮ್ಮ ಸಿಸ್ಟರ್ ಶುರು ಮಾಡಲಿಲ್ಲ. ಎದುರಿನ ಬೆಂಚನ್ನೇ ನೋಡುತ್ತ ಕೂತರು. "ಆಕಿ ಬರಲಿ," ಅಂದರು. ಅತ್ತೆ ಬಂದು ತನ್ನ ಜಾಗದಲ್ಲಿ ಎಳೆಯ ಸಿಸ್ಟರ್ ಪಕ್ಕ ಕೂತಳು. ನಾನು ಬಾಗಿಲಲ್ಲಿ ನಿಂತೆ. ಕೀರ್ತನೆ ಸರಾಗವಾಗಿ ನಡೆಯಿತು. ಈ ಕಡೆ ಒಂದು ಸಾಲು, ಆ ಕಡೆ ಒಂದು ಸಾಲು. ಪ್ರಾರ್ಥನೆ ಮುಗಿಯಿತು. ಎಲ್ಲರೂ ಎದ್ದು ನಿಂತರು. ಕೊನೆಯ ಹಾಡು.

ಸಿಸ್ಟರ್ ಬಾಯಿ ತೆರೆದರು. ಬೇವಿನ ಹಾಡು!

ಶ್ರಾವಣದಲ್ಲಿ ಈಸ್ಟರಿನ ಹಾಡು. ಎಳೆಯ ಸಿಸ್ಟರ್ ಸರಿಯಾದ ಹಾಡಿಗೆ ಬಾಯಿ ತೆರೆದವರು ಹಾಗೇ ಮುಚ್ಚಿದರು. ದೊಡ್ಡ ಸಿಸ್ಟರ್ ತಲೆ ಎತ್ತಿದರು. ನಮ್ಮ ಸಿಸ್ಟರ್ ಧ್ವನಿ ಒಂದೇ, ಆ ಕೋಣೆಯಲ್ಲಿ, ಮೊದಲ ಪದ, ಎರಡನೆಯ ಪದ. ನಾನು ಕಣ್ಣು ಮುಚ್ಚಿಕೊಂಡೆ. ಮುಗಿಯಿತು ಅನ್ನಿಸಿತು. ಈಗ ಅತ್ತೆ "ತಡೀರಿ" ಅನ್ನುತ್ತಾಳೆ. ಅನ್ನದೆ ಇರುವ ಶಕ್ತಿ ಅವಳಿಗಿಲ್ಲ. ಯಾರನ್ನು ಬಿಟ್ಟಿದ್ದಾಳೆ?

ಅತ್ತೆ ಹಾಡಿದಳು. ಮೂರನೆಯ ಪದಕ್ಕೇ ಸಿಸ್ಟರ್ ಧ್ವನಿಯ ಕೆಳಗೆ ತನ್ನ ಧ್ವನಿ ಸೇರಿಸಿ, ಮುಖ ಎತ್ತಿ, ಬೇವಿನ ಹಾಡನ್ನೇ ಹಾಡಿದಳು. ಅನುಮಾನವಿಲ್ಲದೆ, ಹೊಲದಲ್ಲಿ ಬೇವು ಹೂ ಬಿಟ್ಟಿದೆ ಎಂಬಷ್ಟು ಖಾತ್ರಿಯಲ್ಲಿ ಹಾಡಿದಳು. ಉಳಿದಿಬ್ಬರಿಗೂ ಸೇರದೆ ಬೇರೆ ದಾರಿಯಿರಲಿಲ್ಲ. ಜಯಕಾರದ ಸಾಲಿಗೆ ನಾಲ್ಕು ಧ್ವನಿ ಆಗಿತ್ತು. ನನಗೆ ಹೊಟ್ಟೆಕಿಚ್ಚಾಯಿತು, ಸುಳ್ಳು ಯಾಕೆ ಹೇಳಲಿ? ನನ್ನ ಮಗನ ತೊಟ್ಟಿಲಿಗೆ ಸಿಗದ ಹಾಡು ಇಲ್ಲಿ ಸಿಕ್ಕಿತ್ತು. ಆಮೇಲೆ ಅಳು ಬಂತು.

ಹಾಡು ಮುಗಿದ ಮೇಲೆ ದೊಡ್ಡ ಸಿಸ್ಟರ್ ಮೆಲ್ಲಗೆ ಕೇಳಿದರು: "ಸಿಸ್ಟರ್, ಇದು ಈಸ್ಟರ್ ಕಾಲದ ಹಾಡಲ್ಲವೇ?"

ನಮ್ಮ ಸಿಸ್ಟರ್ ಏನೂ ತಿಳಿಯದೆ ನೋಡಿದರು. ಅತ್ತೆ ಮುಂದೆ ಬಂದಳು. "ನಂದ ತಪ್ಪ ಅದು. ಮುಂಜಾನಿಂದ ನಾನ ಅದನ್ನ ಗುನುಗಾಕ ಹತ್ತಿದ್ನಿ. ಆಕಿ ಬಾಯಿಗೂ ಅದ ಬಂತು. ನನಗ ವಯಸ್ಸಾತರಿ. ಕಾಲ ನೆನಪ ಉಳಿಯಂಗಿಲ್ಲ."

ದೊಡ್ಡ ಸಿಸ್ಟರ್ ಕನ್ನಡಕ ತೆಗೆದು ಒರೆಸಿಕೊಂಡರು. "ನಮ್ಮ ಕಡೆ ಒಬ್ಬರು ಫಾದರ್ ಇದ್ದಾರೆ. ಇಲ್ಲಿಗೆ ಬಂದಿದ್ದಾಗ ತಪ್ಪು ಹಾಡಿದರೆಂದು ಅಡಿಗೆಯವರೊಬ್ಬರು ಎದ್ದು ನಿಲ್ಲಿಸಿದರಂತೆ. ಅದನ್ನು ಈಗಲೂ ಎಲ್ಲರಿಗೂ ಹೇಳುತ್ತಾರೆ. ಅವರು ನೀವೇ ಅಲ್ಲವೇ?"

ಸಿಕ್ಕಿಬಿದ್ದಳು! ಅತ್ತೆ ಸೆರಗು ಸರಿಮಾಡಿಕೊಂಡಳು. "ಆವಾಗ ತಪ್ಪತಿರಲಿಲ್ಲರಿ. ಈಗ ತಪ್ಪತೈತಿ."

ದೊಡ್ಡ ಸಿಸ್ಟರ್ ಪುಸ್ತಕ ಮುಚ್ಚಿ ದೀಪ ಆರಿಸಿದರು.

ನಾವು ಮೂವರೂ ಆ ರಾತ್ರಿ ಸರಿಯಾಗಿ ನಿದ್ದೆ ಮಾಡಲಿಲ್ಲ. ಮೂವರಲ್ಲ, ಇಬ್ಬರು. ಸಿಸ್ಟರ್ ಗಾಢವಾಗಿ ಮಲಗಿದ್ದರು. ಬೆಳಿಗ್ಗೆ ಜೀಪಿನ ಹತ್ತಿರ ದೊಡ್ಡ ಸಿಸ್ಟರ್ ನನ್ನನ್ನು ಕರೆದರು. ಒಬ್ಬರೇ ಇರುವ ಮನೆಯನ್ನು ನಡೆಸಲು ತಮ್ಮಲ್ಲಿ ಅನುಮತಿ ಇಲ್ಲ ಎಂದರು. ನಾನು ತಲೆ ತಗ್ಗಿಸಿದೆ. "ಅದಕ್ಕೇ ಇಲ್ಲಿ ಇಬ್ಬರಿದ್ದಾರೆ ಎಂದು ಬರೆಯುತ್ತೇನೆ," ಎಂದು ಹೇಳಿ ಜೀಪು ಹತ್ತಿದರು. ವರ್ಷಕ್ಕೊಮ್ಮೆ ನೋಡಲು ಬರುವುದಾಗಿಯೂ, ಹತ್ತಿರದ ಡಾಕ್ಟರಿಗೆ ಹೇಳಿಹೋಗುವುದಾಗಿಯೂ ಹೇಳಿದರು. ಅತ್ತೆಗೆ ನಾನು ಇದನ್ನು ತಿಳಿಸಿದಾಗ ಅವಳು ಒಲೆಯ ಮುಂದೆ ಕೂತು ಬಹಳ ಹೊತ್ತು ಕೈ ಕಾಯಿಸಿಕೊಂಡಳು.

ದೀಪಾವಳಿ ರಜೆಗೆ ಮಗನನ್ನು ಕರೆದುಕೊಂಡು ಹೋಗಿ ನಾಲ್ಕು ದಿನ ಇದ್ದೆ. ಬಿತ್ತಿಗಿ ಹಾಡಿನ ಕಾಲ ಇನ್ನೂ ಮುಗಿದಿರಲಿಲ್ಲ. ಮೊದಲ ರಾತ್ರಿ ಸಿಸ್ಟರ್ ಕಡ್ಲಿ ಹಾಡು ಎತ್ತಿದರು, ಅತ್ತೆ ಸೇರಿಸಿದಳು. ಎರಡನೆಯ ರಾತ್ರಿ ಜ್ವಾಳದ ಹಾಡು, ಸೇರಿಸಿದಳು. ಮೂರನೆಯ ರಾತ್ರಿ ಕಡ್ಲಿ ಹಾಡಿನಲ್ಲಿ ಶುರುವಾಗಿ ನಡುವೆಯೇ ಬೇವಿನ ಹಾಡಿಗೆ ಹೊರಳಿತು. ಅತ್ತೆ ಒಂದು ಉಸಿರೂ ತಪ್ಪದೆ ಹಿಂದೆಯೇ ಹೊರಳಿದಳು. ಹಗಲಿಡೀ ಗುನುಗುವುದನ್ನೂ ನಿಲ್ಲಿಸಿಬಿಟ್ಟಿದ್ದಳು. ನನಗೆ ತಡೆಯಲಾಗಲಿಲ್ಲ. ಮರುದಿನ ಸೊಪ್ಪು ಸೋಸುತ್ತ ಕೂತಾಗ ಕೇಳಿದೆ.

"ಅತ್ತೀ, ಈಗ ಯಾವ ಹಾಡಿನ ಕಾಲ?"

"ಆಕಿ ಯಾವುದು ಎತ್ತತಾಳ, ಅದ ಕಾಲ."

"ಮೊದಲೆಲ್ಲ ಹೊಡದಾಡತಿದ್ದೆಲ್ಲ, ಕಾಲ ತಪ್ಪಬಾರದಂತ?"

ಅತ್ತೆ ಸೊಪ್ಪಿನಿಂದ ಕೈ ಎತ್ತಲಿಲ್ಲ. "ತಪ್ಪಲಿ ಬಿಡ, ಯವ್ವಾ," ಅಂದಳು. "ಆಕಿ ಒಬ್ಬಾಕಿನ ಹಾಡಬಾರದು, ಅಷ್ಟ."